ಊಟದ ಗಾಡಿಯ ಮೇಸ್ತ್ರಿ

ಚಾಮರಾಜಪೇಟೆಯ ಆ ಶೆಡ್ಡಿಗೆ ಬೋರ್ಡು ಇರಲಿಲ್ಲ. ಮೊದಲ ಸಲ ಹುಡುಕಿಕೊಂಡು ಹೋದಾಗ ಅದೇ ಬೀದಿಯಲ್ಲಿ ಮೂರು ಸುತ್ತು ಹೊಡೆದೆವು. ಕೊನೆಗೆ ಎಳನೀರಿನವರನ್ನು ಕೇಳಿದರೆ, "ಯಾವ್ ಗಾಡಿ ಹಿಂದ್ಗಡೆ ಎತ್ಕೊಂಡ್ ನಿಂತಿರತ್ತೋ ಅಲ್ಲೇ ನಿಲ್ಸಿ" ಎಂದರು. ಸರಿಯಾಗಿಯೇ ಹೇಳಿದ್ದರು. ಒಂದು ಟೆಂಪೊ ತನ್ನ ಹಿಂಭಾಗವನ್ನು ಮರದ ದಿಮ್ಮಿಗಳ ಮೇಲೆ ಹೊತ್ತು ನಿಂತಿತ್ತು. ಅದರ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿದ್ದವು. ನನ್ನ ಡ್ರೈವರ್ ನರಸಿಂಹ ಹಾರ್ನ್ ಮಾಡಿದ. ಕಾಲುಗಳು ಕದಲಲಿಲ್ಲ. ಇನ್ನೊಮ್ಮೆ ಮಾಡಿದ. "ಕೇಳಿಸ್ತಪ್ಪಾ," ಎಂದಿತು ಒಳಗಿನ ದನಿ.

ಹತ್ತು ನಿಮಿಷದ ಮೇಲೆ ಕಾಲುಗಳ ಹಿಂದೆ ಮನುಷ್ಯರೂ ಹೊರಬಂದರು. ಅರವತ್ತು ದಾಟಿದ, ಒಣಕಲು ಮೈಯ, ಗಟ್ಟಿ ಕೈಗಳ ವ್ಯಕ್ತಿ. ಹಣೆಯ ಮೇಲೆ ವಿಭೂತಿಯ ಮೂರು ಗೆರೆ, ಅದರ ಕೆಳಗೆ ಗ್ರೀಸಿನ ನಾಲ್ಕನೆಯ ಗೆರೆ. ಕಿವಿಯ ಮೇಲೆ ಒಂದು ಸೀಮೆಸುಣ್ಣದ ತುಂಡು. ನಮ್ಮ ಗಾಡಿಯನ್ನು ನೋಡಿದರು, ನನ್ನನ್ನು ನೋಡಿದರು.

"ಏನ್ ಹೊರ್ತೀರಿ?"

ನಮಸ್ಕಾರವಿಲ್ಲ, ಏನಾಗಿದೆ ಎಂಬ ವಿಚಾರಣೆಯಿಲ್ಲ. ನಾನು ಕೆರಳಿದೆ. ನನಗೆ ಕೆರಳಲು ದೊಡ್ಡ ಕಾರಣ ಬೇಕಾಗಿಲ್ಲ, ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. "ಗಾಡಿ ಹಿಂದ್ಗಡೆ ಕೂರ್ತಿತ್ತು, ಕಮಾನಿಗೆ ಎರಡ್ ಪಟ್ಟಿ ಜಾಸ್ತಿ ಹಾಕ್ಸಿದೀವಿ. ಈಗ ಕುಣಿಯತ್ತೆ. ಅದನ್ನ ಸರಿ ಮಾಡಿ ಅಷ್ಟೆ," ಎಂದೆ.

"ಅದಾಮೇಲಮ್ಮ. ಏನ್ ಹೊರ್ತೀರಿ?"

"ಊಟ."

ಆಗ ಅವರ ಮುಖದಲ್ಲಿ ನಗು ಕಂಡಿತು. "ಅಕ್ಕಿ ಗಾಡಿ ನೋಡಿದೀನಿ, ಬಟ್ಟೆ ಗಾಡಿ ನೋಡಿದೀನಿ. ಊಟದ ಗಾಡಿ ಇದೇ ಮೊದಲು," ಎಂದರು. ಅಂದಿನಿಂದ ನಮ್ಮ ಪಿಕಪ್ಪು ಆ ಬೀದಿಗೆಲ್ಲ ಊಟದ ಗಾಡಿಯಾಯಿತು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬೋರ್ಡೇ ಬೇಡವೆಂದ ಮನುಷ್ಯರ ಹೆಸರನ್ನು ಅಚ್ಚು ಹಾಕಿಸಿದರೆ ಅವರು ನನ್ನನ್ನು ಸುಮ್ಮನೆ ಬಿಡುವವರಲ್ಲ. ನಾವೆಲ್ಲ ಮೇಸ್ತ್ರಿ ಎನ್ನುತ್ತಿದ್ದೆವು. ಕಳೆದ ತಿಂಗಳು ಅವರು ಶೆಡ್ಡು ಮುಚ್ಚಿ ಕೆಲಸ ಬಿಟ್ಟರು. ಅಂದಿನಿಂದ ಅವರ ವಿಷಯ ಬರೆಯಬೇಕು ಅನ್ನಿಸುತ್ತಲೇ ಇದೆ. ನನ್ನ ಕಸುಬು ಇವತ್ತು ಉಳಿದಿದ್ದರೆ ಅದರಲ್ಲಿ ಅವರ ಪಾಲಿದೆ.

ನಮ್ಮದು ಎನ್.ಆರ್. ಕಾಲೋನಿಯಲ್ಲಿ ಅಡುಗೆ ಕಾಂಟ್ರಾಕ್ಟು. ಮಾವ ಶುರು ಮಾಡಿದ್ದು, ಅವರ ನಂತರ ನಾನು ನಡೆಸುತ್ತಿದ್ದೇನೆ. ಯಜಮಾನರು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಾರೆ, ಅಡುಗೆಮನೆಗೆ ಬರುವುದು ರುಚಿ ನೋಡಲು ಮಾತ್ರ. ಮನೆಯ ಹಿಂದೆ ಆರು ಜನ ಹೆಂಗಸರು ನನ್ನೊಡನೆ ದುಡಿಯುತ್ತಾರೆ. ನಮ್ಮ ಕೆಲಸದ ಮುಕ್ಕಾಲು ಪಾಲು ಚಾಮರಾಜಪೇಟೆಯ ಒಂದು ಹಳೆಯ ಛತ್ರದ್ದು. ಅಲ್ಲಿಯ ಅಡುಗೆಮನೆ ಇಷ್ಟೇ ಇಷ್ಟು ಅಗಲ. ಬಿಸಿ ಮಾಡಿಕೊಳ್ಳಬಹುದೇ ಹೊರತು ಮುನ್ನೂರೈವತ್ತು ಎಲೆಗೆ ಬೇಯಿಸಲಾಗುವುದಿಲ್ಲ. ಹಾಗಾಗಿ ಅನ್ನ, ಹುಳಿ, ಸಾರು, ಪಲ್ಯ, ಪಾಯಸ ಎಲ್ಲ ನಮ್ಮಲ್ಲೇ ಆಗಿ, ಕೊಳಗಗಳಲ್ಲಿ ತುಂಬಿ, ಒಲೆ ಸಿಲಿಂಡರುಗಳ ಸಮೇತ ಪಿಕಪ್ಪಿನಲ್ಲಿ ಹೋಗಬೇಕು. ಅದೂ ಒಂದೇ ಸಲಕ್ಕೆ. ಮುಹೂರ್ತದ ದಿನ ಆ ಛತ್ರದ ಓಣಿಗೆ ಒಮ್ಮೆ ನುಗ್ಗಿದ ಗಾಡಿ ಊಟ ಮುಗಿಯುವ ತನಕ ಹೊರಗೆ ಬರುವಂತಿಲ್ಲ.

ಎಷ್ಟೋ ವರ್ಷ ಹೀಗೇ ನಡೆಯಿತು. ಆಮೇಲೆ ಗಾಡಿಯ ಹಿಂಭಾಗ ಕೂರತೊಡಗಿತು. ತುಂಬಿದ ಮೇಲೆ ಮೂತಿ ಮೇಲಕ್ಕೆತ್ತಿಕೊಂಡು ನಿಲ್ಲುತ್ತಿತ್ತು. ಏರು ಬಂದರೆ ಮುಂದಿನ ಚಕ್ರಗಳಿಗೆ ನೆಲವೇ ಸಿಗದ ಹಾಗೆ. "ಅಕ್ಕಾ, ಸ್ಟೇರಿಂಗು ಕೈಗೇ ಸಿಗ್ತಿಲ್ಲ, ನಂಗ್ ಭಯ ಆಗತ್ತೆ," ಎಂದು ನರಸಿಂಹ ಎರಡು ಸಲ ಹೇಳಿದ. ರಸ್ತೆ ಬದಿಯ ಒಂದು ಅಂಗಡಿಗೆ ಹೋದೆವು. ಅವರು ಗಾಡಿಯ ಭಾರ ಹೊರುವ ಕಮಾನು ಪಟ್ಟಿಗಳನ್ನು ಒಮ್ಮೆ ಬಗ್ಗಿ ನೋಡಿ, "ಎರಡ್ ಬ್ಲೇಡ್ ಜಾಸ್ತಿ ಹಾಕ್ಬಿಡೋಣ ಮೇಡಂ, ಆನೆ ಕೂರ್ಸಿದ್ರೂ ಬಗ್ಗಲ್ಲ," ಎಂದರು. ಹಾಕಿದರು. ಗಾಡಿ ಬಗ್ಗುವುದನ್ನು ನಿಲ್ಲಿಸಿತು, ನಿಜ. ಆದರೆ ಬುಲ್ ಟೆಂಪಲ್ ರಸ್ತೆಯ ಒಂದು ಹಂಪಿನ ಮೇಲೆ ಇಡೀ ಗಾಡಿ ಎಗರಿ ಬಿತ್ತು. ಹುಳಿಯ ಕೊಳಗ ಮುಚ್ಚಳ ಹಾರಿಸಿ ಪಕ್ಕದ ಜಿಲೇಬಿಯ ಬುಟ್ಟಿಗೆ ಅಭಿಷೇಕ ಮಾಡಿತು. ಆವತ್ತು ಮೂರನೆಯ ಪಂಕ್ತಿಗೆ ಹುಳಿಯೂ ಇಲ್ಲ, ಸಿಹಿಯೂ ಇಲ್ಲ. ಹೆಣ್ಣಿನ ಕಡೆಯವರ ಮುಖ ನೋಡಲಾರದೆ ನಾನು ಉಗ್ರಾಣದಲ್ಲಿ ಕೂತಿದ್ದೆ.

ಛತ್ರದ ಮ್ಯಾನೇಜರು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. "ಅಮ್ಮಾ, ನಿಮ್ ಕೈರುಚಿಗೆ ಎರಡ್ ಮಾತಿಲ್ಲ. ಆದ್ರೆ ಇನ್ನೊಂದ್ ಸಲ ಹಿಂಗಾದ್ರೆ ನಾನ್ ಬೇರೆಯವ್ರನ್ನ ನೋಡ್ಕೋಬೇಕಾಗತ್ತೆ," ಎಂದಷ್ಟೇ ಹೇಳಿದರು. ಮುಂದಿನ ಮುಹೂರ್ತಕ್ಕೆ ಎಂಟು ದಿನವಿತ್ತು. ಛತ್ರ ಕೈಬಿಟ್ಟರೆ ನಾನು ಆರು ಜನರಲ್ಲಿ ನಾಲ್ವರನ್ನು ಮನೆಗೆ ಕಳಿಸಬೇಕಾಗುತ್ತಿತ್ತು. ಯಾವ ನಾಲ್ವರನ್ನು? ಆ ಲೆಕ್ಕ ಹಾಕಲು ಮನಸ್ಸಾಗದೆಯೇ ನಾನು ಮೇಸ್ತ್ರಿಯ ಶೆಡ್ಡು ಹುಡುಕಿಕೊಂಡು ಹೋದದ್ದು.

ಇಷ್ಟನ್ನೂ ಅವರಿಗೆ ಒಂದೇ ಉಸಿರಿಗೆ ಹೇಳಿದೆ. ಅವರು ಪೂರ್ತಿ ಕೇಳಿ, "ಗಾಡಿ ಖಾಲಿ ತಂದಿದೀರಲ್ಲಮ್ಮ," ಎಂದರು.

"ಮತ್ತೆ ಊಟ ತುಂಬ್ಕೊಂಡ್ ಬರ್ಬೇಕಿತ್ತಾ?"

"ಹ್ಞೂ ಮತ್ತೆ. ಪೇಷೆಂಟ್ ಮನೇಲಿ ಬಿಟ್ಟು ಚಪ್ಲಿ ತಂದು ತೋರ್ಸಿದ್ರೆ ಡಾಕ್ಟ್ರು ಏನ್ ಹೇಳ್ತಾರೆ?"

ನನಗೆ ಮೈಯೆಲ್ಲ ಉರಿಯಿತು. ಹಿಂದೆ ತಿರುಗಿ ಗಾಡಿ ಹತ್ತಿದೆ. ನರಸಿಂಹ ಮಾತ್ರ ಕೀಲಿ ತಿರುಗಿಸಲಿಲ್ಲ. ಮೇಸ್ತ್ರಿ ಕಿಟಕಿಯ ಹತ್ತಿರ ಬಂದರು. "ಅಡುಗೆ ಬೇಡಮ್ಮ. ಕೊಳಗಕ್ಕೆಲ್ಲ ನೀರ್ ತುಂಬ್ಸಿ. ಅನ್ನದ್ ಬದ್ಲು ಅಕ್ಕಿ ಮೂಟೆ ಇಡಿ. ದಿನಾ ಹೆಂಗ್ ಏರುಸ್ತೀರೋ ಹಂಗೇ ಏರ್ಸಿ, ಒಂದೂ ಹೆಚ್ಚೂಕಮ್ಮಿ ಆಗ್ಬಾರ್ದು. ನಾನೇ ಬಂದು ನೋಡ್ತೀನಿ."

ಬುಧವಾರ ಬೆಳಗ್ಗೆ ಸಿಟಿ ಬಸ್ಸಿನಲ್ಲಿ ಬಂದರು, ಕೈಯಲ್ಲಿ ಒಂದು ಬಟ್ಟೆಯ ಚೀಲ. ನಮ್ಮ ಹೆಂಗಸರಿಗೆ ಅಂದು ಹಬ್ಬ. ಕೊಳಗಗಳಿಗೆ ನೀರು ತುಂಬುತ್ತಾ, "ಹುಳಿಗೆ ಉಪ್ಪು ಸಾಕಾ ನೋಡ್ರೀ," ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಿದ್ದರು. ಮೇಸ್ತ್ರಿ ಗೇಟಿನ ಪಕ್ಕದಲ್ಲಿ ನಿಂತು ಸುಮ್ಮನೆ ನೋಡಿದರು. ತುಂಬಿದ ಗಾಡಿಯನ್ನು ಮೊದಲು ವೇಬ್ರಿಜ್ಜಿಗೆ ಹೊಡೆಸಿ ತೂಕ ಹಾಕಿಸಿದರು, ಆರ್‌ಸಿಯಲ್ಲಿ ಬರೆದ ತೂಕದೊಂದಿಗೆ ಹೋಲಿಸಿದರು. ವಾಪಸ್ಸು ಬಂದು ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ.

"ತೂಕ ಜಾಸ್ತಿ ಇಲ್ಲಮ್ಮ. ಗಾಡಿ ಹೊರೋಷ್ಟೇ ಹೊರ್ತಿದೆ."

"ಮತ್ತೆ ಯಾಕ್ ಕೂರತ್ತೆ?"

"ಒಲೆ, ಸಿಲಿಂಡರು, ಅನ್ನ, ಹುಳಿ, ಎಲ್ಲಾ ಬಾಲದಲ್ಲಿ. ಎಲೆ, ಹಪ್ಪಳ, ಕೋಸಂಬರಿ ಮುಂದೆ. ಇದನ್ ಯಾರ್ ಹೇಳ್ಕೊಟ್ರು ನಿಮ್ಗೆ?"

ಮಾವ ಹೇಳಿಕೊಟ್ಟದ್ದು. ಛತ್ರದಲ್ಲಿ ಇಳಿದ ಕೂಡಲೇ ಒಲೆ ಹಚ್ಚಿ ಹುಳಿ ಅನ್ನ ಬಿಸಿಗೆ ಇಡಬೇಕು. ಎಲೆ ಹಾಕುವುದು ಆಮೇಲೆ. ಮೊದಲು ಬೇಕಾದದ್ದು ಗಾಡಿಗೆ ಕೊನೆಗೆ ಏರಬೇಕೆಂಬುದು ನಮ್ಮ ಮನೆಯ ಶಾಸ್ತ್ರ. ಅಡುಗೆಯವರ ತಲೆಗೆ ಹೊಳೆಯುವುದು ಹೀಗೆಯೇ. ನಾವು ಯಾವಾಗಲೂ ಎಲೆಯ ಕಡೆಯಿಂದ ಯೋಚಿಸುತ್ತೇವೆ, ಚಕ್ರದ ಕಡೆಯಿಂದ ಯೋಚಿಸಿದವರು ನಮ್ಮಲ್ಲಿ ಯಾರೂ ಇರಲಿಲ್ಲ.

ಮೇಸ್ತ್ರಿ ವಾದ ಮಾಡಲಿಲ್ಲ. ನೀರು ತುಂಬಿದ ಒಂದು ಕೊಡಪಾನ ತಂದು ನನ್ನ ಕೈಗೆ ಕೊಟ್ಟರು. "ಸೊಂಟದ ಮೇಲಿಟ್ಕೊಳ್ಳಿ. ಭಾರ ಅನ್ಸತ್ತಾ? ಈಗ ಕೈ ಮುಂದಕ್ ಚಾಚಿ ಹಿಡ್ಕೊಳ್ಳಿ." ಐವತ್ತೆರಡು ವರ್ಷದ ನನ್ನ ತೋಳು ಎರಡು ಎಣಿಸುವಷ್ಟರಲ್ಲಿ ನಡುಗಿತು, ಅರ್ಧ ನೀರು ಸೀರೆಯ ಮೇಲೆ. ಹೆಂಗಸರು ಬಿದ್ದು ಬಿದ್ದು ನಕ್ಕರು. "ಅದೇ ಕೊಡ, ಅದೇ ನೀರು. ಹಿಂದಿನ್ ಚಕ್ರದಿಂದ ಆಚೆಗೆ ಇಟ್ಟಿದ್ದೆಲ್ಲ ಹಿಂಗೇ. ಹಿಂದೆ ಒತ್ತತ್ತೆ, ಮುಂದೆ ಎತ್ತತ್ತೆ. ನಿಮ್ ಡ್ರೈವರ್ ಹೆದ್ರಿದ್ದು ಸುಳ್ಳಲ್ಲ."

ರಾತ್ರಿ ಊಟಕ್ಕೆ ಕೂತಾಗ ಯಜಮಾನರಿಗೆ ಇದನ್ನು ವರ್ಣಿಸಿದೆ. ಅವರು ಮೊಸರನ್ನ ಕಲಸುತ್ತಾ, "ಇದನ್ನೇ ನಾನು ಇಪ್ಪತ್ತೆಂಟ್ ವರ್ಷದಿಂದ ಹುಡುಗ್ರಿಗೆ ಹೇಳ್ತಿರೋದು," ಎಂದರು. ನನಗೆ ಯಾಕೆ ಹೇಳಲಿಲ್ಲ ಎಂದರೆ, ನೀನು ಕೇಳಲಿಲ್ಲ ಎಂಬ ಉತ್ತರ. ಆ ವಿಷಯ ನಮ್ಮಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಭಾರವಾದದ್ದನ್ನು ಚಕ್ರದ ಮೇಲಕ್ಕೆ, ಅದರ ಮುಂದಕ್ಕೆ ತರಬೇಕು. ಸರಿ. ಆದರೆ ಒಳಗಿಟ್ಟ ಹುಳಿಯನ್ನು ಛತ್ರದಲ್ಲಿ ಮೊದಲು ಇಳಿಸುವುದು ಹೇಗೆ? ಅಂದು ಕೊಡಪಾನ ಕೆಳಗಿಟ್ಟ ಕೂಡಲೇ, ನಾನು ಗೆದ್ದೆನೆಂದುಕೊಂಡು ಈ ಪ್ರಶ್ನೆ ಹಾಕಿದೆ. ಮೇಸ್ತ್ರಿ ಗಾಡಿಯ ಎಡಪಕ್ಕಕ್ಕೆ ಹೋಗಿ ನಿಂತರು. "ಈ ಗಾಡಿಗೆ ಪಕ್ಕದ ಬಾಗ್ಲು ಇಳಿಯತ್ತಲ್ವಾ? ಯಾಕ್ ತೆಗ್ಯಲ್ಲ?"

ತೆಗೆಯಲು ಬರುತ್ತಿರಲಿಲ್ಲ. ಆ ಬಾಗಿಲಿನ ಚಿಲಕಗಳ ಮೇಲೆಯೇ ಮಾವನ ಹೆಸರಿನ ಬೋರ್ಡನ್ನು ಬೋಲ್ಟು ಹಾಕಿ ಕೂರಿಸಿದ್ದೆವು. ಗಾಡಿ ಕೊಂಡ ವರ್ಷ ಮಾವನೇ ನಿಂತು ಬರೆಸಿದ್ದು, ಹಳದಿ ಮೇಲೆ ಕೆಂಪು ಅಕ್ಷರ. ಪಾಪ, ಬಾಗಿಲು ತೆಗೆಯುವ ಅಗತ್ಯ ಬರುತ್ತದೆಂದು ಅವರಿಗೆ ಹೊಳೆದಿರಲಿಲ್ಲ. ಹೆಸರು ದೊಡ್ಡದಾಗಿ ಕಾಣಬೇಕು ಎಂಬುದಷ್ಟೇ ಅವರ ಆಸೆಯಾಗಿತ್ತು. ಅದನ್ನು ಬಿಚ್ಚುವುದೆಂದರೆ ನನಗೆ ಸಂಕಟವಾಯಿತು. "ಬೋರ್ಡ್ ಮುಟ್ಬೇಡಿ," ಎಂದೆ, ಸ್ವಲ್ಪ ಜೋರಾಗಿಯೇ.

"ನಾನ್ ಮುಟ್ಟಲ್ಲಮ್ಮ," ಎಂದು ಚೀಲದಿಂದ ಒಂದು ಸ್ಪ್ಯಾನರ್ ತೆಗೆದು ಗಾಡಿಯ ಮೇಲಿಟ್ಟರು. "ಯಾವತ್ತಾದ್ರೂ ಬಿಚ್ಬೇಕು ಅನ್ಸಿದ್ರೆ ಇದು ಆ ಬೋಲ್ಟಿಗೆ ಸರಿಹೋಗತ್ತೆ." ಹೊರಟೇಬಿಟ್ಟರು.

ಸಂಜೆ ಆರು ಜನ ಹೆಂಗಸರೂ ಮನೆಗೆ ಹೋಗುವಾಗ ಒಬ್ಬೊಬ್ಬರೂ ಬೋರ್ಡನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹೋದರು. ಅವರು ಹೋದ ಮೇಲೆ ನಾನೇ ಸ್ಪ್ಯಾನರ್ ಹಿಡಿದು ನಾಲ್ಕು ಬೋಲ್ಟು ಬಿಚ್ಚಿದೆ. ತುಕ್ಕು ಹಿಡಿದ ಕೊನೆಯದಕ್ಕೆ ಅಂಗೈಯ ಚರ್ಮ ಕಿತ್ತುಹೋಯಿತು. ಬೋರ್ಡಿನ ಹಿಂದೆ ಗಾಡಿಯ ಬಣ್ಣ ಕೊಂಡ ದಿನದಷ್ಟೇ ಹೊಸದಾಗಿತ್ತು. ಮಾವನ ಹೆಸರು ಈಗ ಕ್ಯಾಬಿನ್ನಿನ ನೆತ್ತಿಯ ಮೇಲಿದೆ. ಅಲ್ಲಿ ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ, ಇದನ್ನು ಮೊದಲು ಹೇಳಿದ್ದು ನರಸಿಂಹ.

ಮರುದಿನ ಶೆಡ್ಡಿನಲ್ಲಿ ಮೇಸ್ತ್ರಿಯ ನಿಜವಾದ ಕೆಲಸ ನೋಡಿದೆ. ಗಾಡಿಯ ಕೆಳಗೆ ಇಳಿಯುವ ಮುಂಚೆ ಅಂಗಿಯ ಮೇಲಿಂದಲೇ ಎದೆಯ ಲಿಂಗವನ್ನು ಒಮ್ಮೆ ಮುಟ್ಟಿಕೊಂಡರು. ಆಮೇಲೆ ಪ್ರತಿಯೊಂದು ಪಟ್ಟಿಯನ್ನೂ ಸ್ಪ್ಯಾನರಿನಿಂದ ತಟ್ಟಿ, ತಲೆ ಓರೆ ಮಾಡಿ ಸದ್ದು ಕೇಳಿದರು. ಹೊಸದಾಗಿ ಹಾಕಿಸಿದ್ದ ಎರಡು ಪಟ್ಟಿಗಳನ್ನು ಕಿತ್ತು ಪಕ್ಕಕ್ಕೆ ಎಸೆದರು. ಹಳೆಯವುಗಳಲ್ಲಿ ಒಂದು ಬಿರುಕು ಬಿಟ್ಟಿತ್ತು, ಅದನ್ನು ಬದಲಾಯಿಸಿದರು. ಚಪ್ಪಟೆಯಾಗಿದ್ದವಕ್ಕೆ ಮತ್ತೆ ಬಾಗು ಕೊಟ್ಟರು. ಅವುಗಳ ಮೇಲೆ, ಸ್ವಲ್ಪ ಅಂತರ ಬಿಟ್ಟು, ಒಂದೇ ಒಂದು ಹೆಲ್ಪರ್ ಪಟ್ಟಿ ಕೂರಿಸಿದರು. "ಖಾಲಿ ಇದ್ದಾಗ ಇದು ಸುಮ್ನಿರತ್ತೆ. ತುಂಬ್ದಾಗ ಮಾತ್ರ ಕೈ ಕೊಡತ್ತೆ. ಹೋಗ್ತಾ ಹುಳಿ ಚೆಲ್ಲಲ್ಲ, ಬರ್ತಾ ಖಾಲಿ ಕೊಳಗ ಕುಣಿಯಲ್ಲ."

"ಇನ್ನೊಂದ್ ಹಾಕ್ಬಿಡಿ ಮೇಸ್ತ್ರಿ, ಗಟ್ಟಿಯಾಗಿರ್ಲಿ," ಎಂದು ನಾನು ಹೇಳಿದ್ದು ತಪ್ಪಾಯಿತು. ಅವರು ಕೆಲಸ ನಿಲ್ಲಿಸಿ ಎದ್ದು ನಿಂತರು. "ಪಟ್ಟಿ ಹಾಕಿದ್ರೆ ಗಾಡಿ ಬಗ್ಗಲ್ಲ ಅಷ್ಟೇ ಅಮ್ಮ. ಬ್ರೇಕು ಹಳೇದೇ, ಆಕ್ಸಲ್ ಹಳೇದೇ, ಟೈರ್ ಹಳೇದೇ. ಭಾರ ಜಾಸ್ತಿ ಬರತ್ತೆ ಅಂತ ಅವ್ಕೆ ನೀವ್ ಯಾರೂ ಹೇಳೇ ಇಲ್ವಲ್ಲ." ಮತ್ತೆ ಕೆಳಗೆ ಇಳಿದರು. ಬಾಗಿಲ ಬಳಿಯ ಬೆಂಚಿನ ಮೇಲೆ ಊರುಗೋಲು ಹಿಡಿದು ಕೂತಿದ್ದ ಹಿರಿಯರೊಬ್ಬರು ನನ್ನನ್ನು ನೋಡಿ ಬೇಡ ಎನ್ನುವಂತೆ ತಲೆಯಾಡಿಸಿದರು. ನಾನು ಅವರನ್ನು ಶೆಡ್ಡಿನ ಯಜಮಾನರೆಂದು ತಿಳಿದಿದ್ದೆ. ಅವರು ಮೇಸ್ತ್ರಿಯ ಅಣ್ಣ.

ಅಣ್ಣನ ಕಥೆಯನ್ನು ಅಣ್ಣನೇ ಹೇಳಿದರು, ಮೇಸ್ತ್ರಿ ಎಂದೂ ಹೇಳಲಿಲ್ಲ. ಅವರ ಮನೆತನ ಅಕ್ಕಿಪೇಟೆಯಲ್ಲಿ ತಲೆತಲಾಂತರದಿಂದ ಅಕ್ಕಿ ವ್ಯಾಪಾರ ಮಾಡಿದ್ದು. ತಮ್ಮನಿಗೆ ಅಕ್ಕಿಗಿಂತ ಅದನ್ನು ಹೊರುವ ಗಾಡಿಗಳ ಮೇಲೆ ಮೋಹ, ಕಮಾನು ಪಟ್ಟಿಯ ಕೆಲಸ ಕಲಿತ. ಅಣ್ಣ ಮೂಟೆ ಹೆಚ್ಚು ಹೇರುವ ಆಸೆಗೆ ಪಟ್ಟಿ ಹಾಕೆಂದಾಗಲೆಲ್ಲ ತಮ್ಮ ಹಾಕಿಕೊಟ್ಟ. ಒಂದು, ಮತ್ತೊಂದು, ಮಗದೊಂದು. "ನನ್ ತಮ್ಮ ಹಾಕಿದ್ ಪಟ್ಟಿ ಒಂದೂ ಮುರೀಲಿಲ್ಲಮ್ಮ," ಎಂದರು ಅಣ್ಣ, ಇವತ್ತಿಗೂ ಹೆಮ್ಮೆ ಇರುವ ದನಿಯಲ್ಲಿ. "ಒಂದಿನ ಚಾಸಿಸೇ ಮುರೀತು. ಲಾರಿ ಮಗುಚಿ ಕಾಲ್ ಮೇಲ್ ಬಿತ್ತು." ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ತಮ್ಮ ಮಂಚದ ಪಕ್ಕ ನಿಂತು ಕೇಳಿದನಂತೆ, ಅವತ್ತು ಏನ್ ಹೊತ್ತಿದ್ದೆ ಅಣ್ಣ, ಎಷ್ಟ್ ಹೊತ್ತಿದ್ದೆ, ನಾನ್ ಯಾಕ್ ಕೇಳ್ಲಿಲ್ಲ ಅಂತ. ಅಂದಿನಿಂದ ಆ ಶೆಡ್ಡಿನಲ್ಲಿ ಅದೇ ಮೊದಲ ಪ್ರಶ್ನೆ. ಅಣ್ಣನಿಗಾಗಿ ಆ ಬೆಂಚು. ಇದನ್ನು ಕೇಳಿದ ಮೇಲೆ ನಾನು ಆ ಪ್ರಶ್ನೆಗೆ ಯಾವತ್ತೂ ಕೆರಳಿಲ್ಲ.

ಕೊನೆಯದಾಗಿ ಮೇಸ್ತ್ರಿ ಗಾಡಿಯ ತೊಟ್ಟಿಗೆ ಹತ್ತಿ, ಕಿವಿಯ ಮೇಲಿನ ಸೀಮೆಸುಣ್ಣದಿಂದ ವೃತ್ತಗಳನ್ನು ಬರೆದರು. ಇಲ್ಲಿ ಅನ್ನ, ಇಲ್ಲಿ ಹುಳಿ, ಇಲ್ಲಿ ಸಾರು, ಸಿಲಿಂಡರು ಇಲ್ಲಿ. ಹಿಂದಿನ ಚಕ್ರಗಳ ನಡುವಿನ ಜಾಗದಲ್ಲಿ ಒಂದು ದೊಡ್ಡ ವೃತ್ತ ಬರೆದು, "ಇಲ್ಲಿ ಪಾಯಸ. ಇದು ಅಲ್ಲಾಡ್ಬಾರ್ದು," ಎಂದರು. ಅವರ ದನಿಯಲ್ಲಿದ್ದ ಭಕ್ತಿಯಿಂದಲೇ ಅವರ ದೌರ್ಬಲ್ಯ ನನಗೆ ತಿಳಿಯಿತು. ಆಮೇಲೆ ನರಸಿಂಹ ಆ ವೃತ್ತಗಳ ಮೇಲೆಲ್ಲ ಬಿಳಿ ಪೇಂಟು ಬಳಿದ.

ಮತ್ತೆ ನೀರು ತುಂಬಿದ ಕೊಳಗಗಳನ್ನು ಏರಿಸಿದೆವು. ಮೇಸ್ತ್ರಿ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಆಕ್ಸಲ್ಲಿಗೂ ಅದರ ಮೇಲಿನ ರಬ್ಬರ್ ತಡೆಗೂ ನಡುವೆ ಬೆರಳು ತೂರಿಸಿ, "ಮೂರ್ ಬೆರಳು. ತುಂಬಿದ್ ಗಾಡೀಲಿ ಯಾವಾಗ್ಲೂ ಇಷ್ಟಿರ್ಬೇಕು. ಕಮ್ಮಿ ಇದ್ರೆ ಹೊರಡ್ಬೇಡಿ," ಎಂದರು. ನಾನೂ ಕೂತು ನೋಡಿದೆ. ನನ್ನ ಮೂರು ಬೆರಳು ಅಲ್ಲಿ ಸಡಿಲವಾಗಿ ಆಡಿದವು. ಅವರು ನನ್ನ ಕೈ ನೋಡಿ, "ನಿಮ್ಗೆ ನಾಲ್ಕು," ಎಂದರು.

ಎಂಟನೆಯ ದಿನದ ಮುಹೂರ್ತದಲ್ಲಿ ಒಂದು ತೊಟ್ಟು ಹುಳಿ ಚೆಲ್ಲಲಿಲ್ಲ. ಗಾಡಿಯ ಎಡಪಕ್ಕವನ್ನು ಛತ್ರದ ಅಡುಗೆಮನೆಯ ಬಾಗಿಲಿಗೆ ತಾಗಿಸಿ ನಿಲ್ಲಿಸಿ, ಪಕ್ಕದ ಬಾಗಿಲು ಇಳಿಸಿದರೆ ಹುಳಿ ಅನ್ನ ನೇರ ಒಲೆಯ ಹತ್ತಿರ. ಮೊದಲಿಗಿಂತ ಕಾಲು ಗಂಟೆ ಬೇಗ ಎಲೆ ಹಾಕಿದೆವು. ಮ್ಯಾನೇಜರು ಮೂರನೆಯ ಪಂಕ್ತಿಯಲ್ಲಿ ತಾವೇ ಕೂತು ಊಟ ಮಾಡಿ, ಎರಡನೆಯ ಸಲ ಪಾಯಸ ಹಾಕಿಸಿಕೊಂಡರು. ಆರು ಜನ ಹೆಂಗಸರೂ ಇವತ್ತಿಗೂ ನನ್ನ ಜೊತೆಗಿದ್ದಾರೆ. ಈಗ ಏಳು.

ಇಷ್ಟು ಹೇಳಿದರೆ ಮೇಸ್ತ್ರಿ ಮಹಾತ್ಮರೆಂದು ತಿಳಿದೀರಿ. ಹಾಗೇನಿಲ್ಲ. ಹೇಳಿದ ದಿನ ಕೆಲಸ ಮುಗಿಸಿಕೊಟ್ಟ ಚರಿತ್ರೆಯೇ ಅವರದಲ್ಲ. ಫೋನು ತೆಗೆಯುತ್ತಿರಲಿಲ್ಲ. ತಮ್ಮ ಕಿವಿಯ ಬಗ್ಗೆ ಭಾರಿ ಜಂಬ, ಪಟ್ಟಿಯ ಸದ್ದು ಕೇಳಿಯೇ ಅದು ಎಷ್ಟು ದಿನ ಬಾಳುತ್ತದೆಂದು ಹೇಳಬಲ್ಲೆ ಎನ್ನುತ್ತಿದ್ದರು. ಒಮ್ಮೆ ನಮ್ಮ ಒಂದು ಪಟ್ಟಿಗೆ ಎರಡು ವರ್ಷ ಆಯುಸ್ಸು ಕೊಟ್ಟರು, ಅದು ಎರಡು ತಿಂಗಳಿಗೆ ಬಿರುಕು ಬಿಟ್ಟಿತು. ನಾನು ಅದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿ, "ಅವತ್ತು ಪಕ್ಕದಲ್ಲಿ ಹಾರ್ನ್ ಹೊಡೀತಿದ್ರು," ಎಂದರು.

ಹೊಸದೆಂದರೆ ಮೂಗು ಮುರಿಯುವವರೂ ಆಗಿರಲಿಲ್ಲ. ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರು ಮೊಬೈಲಿನಲ್ಲಿ ವಿಡಿಯೋ ತೋರಿಸಿ, ಪಟ್ಟಿಯ ಜೊತೆ ಗಾಳಿ ತುಂಬುವ ಬಲೂನು ಹಾಕಿಸಬೇಕೆಂದು ಹಟ ಹಿಡಿದಿದ್ದರು. ಮೇಸ್ತ್ರಿ ವಿಡಿಯೋ ಪೂರ್ತಿ ನೋಡಿದರು. "ಒಳ್ಳೇ ಮಾಲೇ. ಒಂದಿನ ಭಾರ ಹೇರ್ಕೊಂಡು, ಒಂದಿನ ಖಾಲಿ ಓಡೋರ್ಗೆ ಚೆನ್ನಾಗಿರತ್ತೆ, ಗಾಳಿ ಹೆಚ್ಚೂಕಮ್ಮಿ ಮಾಡ್ಕೋಬಹ್ದು. ನೀವ್ ದಿನಾ ಬೆಳಗ್ಗೆ ಎದ್ದು ಗಾಳಿ ನೋಡ್ತೀರಾ?" ವ್ಯಾಪಾರಿ ಪ್ರಾಮಾಣಿಕರು, ಇಲ್ಲ ಎಂದರು. "ಹಂಗಾದ್ರೆ ಬೇಡ. ದಿನಾ ಅಷ್ಟೇ ಬಟ್ಟೆ, ಅದೇ ರಸ್ತೆ. ಪಟ್ಟೀನೇ ಸಾಕು." ಅದೇ ಬಲೂನನ್ನು ಶಾಮಿಯಾನದವರೊಬ್ಬರಿಗೆ ಅವರೇ ಹಾಕಿಕೊಟ್ಟರು. ಆ ಮನುಷ್ಯ ದಿನಾ ಬೆಳಗ್ಗೆ ಗಾಳಿ ನೋಡುತ್ತಾನಂತೆ.

ಹಬ್ಬ ಹರಿದಿನಗಳಲ್ಲಿ ನಾನು ಶೆಡ್ಡಿಗೆ ಒಂದು ಡಬ್ಬಿ ಪಾಯಸ ಕಳಿಸುತ್ತಿದ್ದೆ. ಗಸಗಸೆಯದಾದರೆ ಅಣ್ಣತಮ್ಮಂದಿರು ಜಗಳವಾಡುತ್ತಿದ್ದರು ಎಂದು ನರಸಿಂಹ ವರದಿ ಕೊಡುತ್ತಿದ್ದ.

ಕಳೆದ ತಿಂಗಳು ಒಂದು ದಿನ ಮೇಸ್ತ್ರಿಯೇ ಫೋನು ಮಾಡಿದರು. ಅವರು ತಾವಾಗಿ ಮಾಡಿದ್ದು ಅದೊಂದೇ ಸಲ. "ಅಮ್ಮಾ, ಭಾನ್ವಾರ ಶೆಡ್ ಮುಚ್ತಿದೀನಿ. ಮಂಡಿ ಒಪ್ತಿಲ್ಲ. ಕೂತ್ರೆ ಏಳಕ್ಕಾಗಲ್ಲ, ಎದ್ರೆ ಕೂರಕ್ಕಾಗಲ್ಲ." "ಪಾಯಸ ಕಳುಸ್ತೀನಿ," ಎಂದೆ. ಕಳುಸ್ಬೇಡಿ, ತನ್ನಿ ಎಂದರು.

ಭಾನುವಾರ ಮುಹೂರ್ತದ ದಿನ. ಛತ್ರದಲ್ಲಿ ಮುನ್ನೂರೈವತ್ತು ಎಲೆಯ ಮದುವೆ. ಗಸಗಸೆ ಪಾಯಸ ಅವತ್ತಿನ ಅಡುಗೆಯಲ್ಲೇ ಇತ್ತು. ನಮ್ಮ ಮನೆಯಲ್ಲಿ ಒಲೆಯಿಂದ ಇಳಿಸಿದ ಕೂಡಲೇ ಕೊಳಗವನ್ನು ಪಕ್ಕಕ್ಕೆ ಎಳೆಸಿ, ಗೋಡಂಬಿ ದ್ರಾಕ್ಷಿ ಹೆಚ್ಚು ಬರುವ ಹಾಗೆ ನಾನೇ ಮೂರು ಡಬ್ಬಿ ಕ್ಯಾರಿಯರಿನ ಒಂದು ಡಬ್ಬಿಗೆ ತುಂಬಿದೆ. ಉಳಿದ ಎರಡಕ್ಕೆ ಅನ್ನ, ಹುಳಿ ಹಾಕಿ ಜೋಡಿಸಿದೆ. ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು ನರಸಿಂಹನ ಪಕ್ಕ ಕೂತೆ. ಛತ್ರಕ್ಕೆ ಹೋಗುವ ದಾರಿಯಲ್ಲಿ ಐದು ನಿಮಿಷ ಶೆಡ್ಡಿನ ಮುಂದೆ ನಿಲ್ಲಿಸಿ ಕೊಟ್ಟುಹೋಗುವುದೆಂದು ಯೋಚನೆ.

ಶೆಡ್ಡು ಖಾಲಿಯಾಗಿತ್ತು. ದಿಮ್ಮಿಗಳಿಲ್ಲ, ಹಳೆಯ ಪಟ್ಟಿಗಳ ರಾಶಿಯಿಲ್ಲ. ಬೆಂಚು ಮಾತ್ರ ಇತ್ತು, ಅದರ ಮೇಲೆ ಅಣ್ಣ. ಮೇಸ್ತ್ರಿ ಒಗೆದ ಬಿಳಿ ಪಂಚೆ ಉಟ್ಟಿದ್ದರು, ಹಣೆಯಲ್ಲಿ ಮೂರೇ ಗೆರೆ. ಕ್ಯಾರಿಯರ್ ಕೊಟ್ಟು, "ಹೊರಡ್ತೀವಿ ಮೇಸ್ತ್ರಿ, ಮದುವೆ ಇದೆ," ಎಂದೆ.

ಅವರು ಕ್ಯಾರಿಯರನ್ನು ಅಣ್ಣನ ಪಕ್ಕ ಇಟ್ಟು, ಪಂಚೆ ಎತ್ತಿ ಕಟ್ಟಿ, ಗೋಡೆ ಹಿಡಿದು, ಅಮ್ಮಾ ಎಂದು ನರಳುತ್ತಲೇ ಚಕ್ರದ ಪಕ್ಕ ಕೂತರು. ಅಭ್ಯಾಸ. ಬೆರಳು ತೂರಿಸಿದರು. ಹೊರಗೆ ತೆಗೆದು, ಮತ್ತೆ ತೂರಿಸಿದರು.

"ಅರ್ಧ ಬೆರಳು ಜಾಸ್ತಿ ಇದೆ. ಏನ್ ಬಿಟ್ ಬಂದ್ರಿ?"

"ಏನೂ ಬಿಟ್ಟಿಲ್ಲ ಮೇಸ್ತ್ರಿ. ಎಲ್ಲಾ ನಾನೇ ನಿಂತು ಏರ್ಸಿದೀನಿ." ಬೆಳಗ್ಗೆ ನಾನೇ ಬೆರಳಿಟ್ಟು ನೋಡಿದ್ದೆ, ನಾಲ್ಕಕ್ಕೆ ಕಡಿಮೆಯಿಲ್ಲ ಎಂದು ಸಮಾಧಾನದಿಂದಲೇ ಹೊರಟಿದ್ದೆ. ಹೆಚ್ಚಾಗಿದ್ದರೆ ಏನರ್ಥವೆಂದು ಯೋಚಿಸಿರಲಿಲ್ಲ.

"ಏನೋ ಬಿಟ್ಟಿದೀರಿ. ಅದೂ ಚಕ್ರದ್ ಮೇಲೇ ಕೂರೋ ಸಾಮಾನು."

ನರಸಿಂಹ ಪಕ್ಕದ ಬಾಗಿಲು ಇಳಿಸಿದ. ಅನ್ನ, ಹುಳಿ, ಸಾರು ತಮ್ಮ ತಮ್ಮ ವೃತ್ತದಲ್ಲಿದ್ದವು. ಪಾಯಸದ ವೃತ್ತದ ಮೇಲೆ ಬಾಳೆಯೆಲೆಯ ಕಟ್ಟುಗಳನ್ನು ಯಾರೋ ಪೇರಿಸಿದ್ದರು. ಪಾಯಸ ಇರಲಿಲ್ಲ. ಅದು ಎನ್.ಆರ್. ಕಾಲೋನಿಯಲ್ಲಿ, ಮೇಸ್ತ್ರಿಯ ಡಬ್ಬಿ ತುಂಬಲೆಂದು ನಾನು ಪಕ್ಕಕ್ಕೆ ಎಳೆಸಿದ ಮೂಲೆಯಲ್ಲೇ ಕೂತಿತ್ತು. ಒಮ್ಮೆ ಓಣಿಗೆ ನುಗ್ಗಿದ್ದರೆ ಮುಗಿಯುತ್ತಿತ್ತು, ಮುನ್ನೂರೈವತ್ತು ಎಲೆಗೆ ಸಿಹಿಯಿಲ್ಲದ ಮದುವೆ.

ಇನ್ನೂ ಹೊತ್ತಿತ್ತು. ನರಸಿಂಹ ಗಾಡಿ ತಿರುಗಿಸಿಕೊಂಡು ಓಡಿದ. ನಾನು ಬೆಂಚಿನ ಮೇಲೆ ಅಣ್ಣನ ಪಕ್ಕ ಕುಸಿದೆ. ಮೇಸ್ತ್ರಿ ಕ್ಯಾರಿಯರ್ ತೆಗೆದು ಮೂಸಿದರು. "ನನ್ ಡಬ್ಬಿ ತುಂಬ್ಸಕ್ ಹೋಗಿ ಮದುವೇನೇ ಮರೆತ್ರಾ?" ಎಂದು ಮೊದಲು ಅವರು ನಕ್ಕರು, ಆಮೇಲೆ ಅಣ್ಣ, ಕೊನೆಗೆ ನಾನು. ನಗುತ್ತಾ ನಗುತ್ತಾ ನನಗೆ ಅಳು ಬಂತು. ನಾಳೆಯಿಂದ ನನ್ನ ಗಾಡಿಯನ್ನು ಯಾರು ನೋಡುತ್ತಾರೆ ಎಂದು ಕೇಳಿಯೇಬಿಟ್ಟೆ. ಅವರು ಪಾಯಸದಲ್ಲಿ ಮಗ್ನರಾಗಿದ್ದರು.

ಅರ್ಧ ಗಂಟೆಯ ಮೇಲೆ ಊಟದ ಗಾಡಿ ಮತ್ತೆ ಬಂದು ನಿಂತಿತು. ವೃತ್ತದಲ್ಲಿ ಪಾಯಸದ ಕೊಳಗ, ಎಲೆಯ ಕಟ್ಟುಗಳು ಹಿಂದಕ್ಕೆ. ನಾನು ಮೇಸ್ತ್ರಿಯ ಕಡೆ ನೋಡಿದೆ. ಅವರು ಬೆಂಚಿನಿಂದ ಏಳಲಿಲ್ಲ.

"ನೀವ್ ನೋಡಿ," ಎಂದರು.

ಚಕ್ರದ ಪಕ್ಕ ಕೂತು ಬೆರಳಿಟ್ಟೆ. ಬಿಗಿಯೂ ಇಲ್ಲ, ಸಡಿಲವೂ ಇಲ್ಲ. "ನಾಲ್ಕು," ಎಂದೆ.

ಮೇಸ್ತ್ರಿ ಎದ್ದು ಬಂದು ಪರೀಕ್ಷಿಸುತ್ತಾರೆಂದು ಕಾದೆ. ಅವರು ಡಬ್ಬಿಯ ತಳವನ್ನು ಬೆರಳಿನಿಂದ ಒರೆಸಿ ನೆಕ್ಕಿ, "ಮತ್ತೆ ಇನ್ಯಾಕ್ ನಿಂತಿದೀರಿ? ಹೊರಡಿ," ಎಂದರು.